ಆರಿದ್ರಾ ಮಳೆಯಲ್ಲಿ ಕೂತು ಓರಿಯನ್ ನೀಹಾರಿಕೆಗೆ ಹೋಗಿದ್ದೆ. ಒಳಗೆ ಹೋದ ಮೇಲೆ ಬಣ್ಣ ಎಲ್ಲಿ ಹೋಯ್ತು?

ಆಗುಂಬೆಮಂಜು · ಜೂನ್ 24, ರಾತ್ರಿ 9:40

ತೀರ್ಥಹಳ್ಳಿಯಿಂದ ಆಗುಂಬೆಗೆ ಬರುವ ದಾರಿಯಲ್ಲಿ ನಮ್ಮ ಮನೆ. ಆರಿದ್ರಾ ಮಳೆ ಹಿಡಿದು ಮೂರು ದಿನ ಆಯಿತು. ಗಾದೆಯಲ್ಲಿ ಹೇಳುವ ಹಾಗೆ ಆರದೇ ಹೊಯ್ಯುತ್ತಿದೆ. ತೋಟಕ್ಕೆ ಇಳಿಯುವ ಹಾಗಿಲ್ಲ, ಅಂಗಳದಲ್ಲಿ ನಿಲ್ಲುವ ಹಾಗಿಲ್ಲ. ಒಂದು ನಕ್ಷತ್ರ ಕಣ್ಣಿಗೆ ಬಿದ್ದು ಹದಿನೈದು ದಿನ ಆಗಿರಬೇಕು. ಹಾಗಾಗಿ ರಾತ್ರಿ ಊಟ ಮುಗಿದ ಮೇಲೆ ಎಲೈಟ್ ಡೇಂಜರಸ್ ತೆರೆದು ಕೂರುತ್ತೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಇದು 2014ರಲ್ಲಿ ಬಂದ ಆಟ. ನಮ್ಮ ಗ್ಯಾಲಕ್ಸಿಯನ್ನೇ ಅದರ ನಿಜವಾದ ಅಳತೆಯಲ್ಲಿ ಮಾಡಿಟ್ಟಿದ್ದಾರೆ. ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳಿವೆ. ಒಂದು ಹಡಗು ಕೊಡುತ್ತಾರೆ, ಉಳಿದದ್ದು ನಿಮ್ಮ ಹಣೆಬರಹ. ಯುದ್ಧ, ವ್ಯಾಪಾರ ಎಲ್ಲ ಇದೆ. ನನಗೆ ಅದು ಬೇಡ. ಸುಮ್ನೆ ತಿರುಗುವುದು ಇಷ್ಟ.

ಈ ಸಲ ಓರಿಯನ್ ನೀಹಾರಿಕೆಗೆ ಹೊರಟೆ. ನೀಹಾರಿಕೆ ಅಂದರೆ ಅನಿಲ, ಧೂಳಿನ ದೊಡ್ಡ ಮೋಡ; ಓರಿಯನ್ ಅಂದರೆ ನಮ್ಮ ಮಹಾವ್ಯಾಧ ನಕ್ಷತ್ರಪುಂಜ. ನಮ್ಮ ಸೂರ್ಯನಿಂದ ಸುಮಾರು 1,344 ಜ್ಯೋತಿರ್ವರ್ಷ. ನನ್ನ ಹಡಗು ಒಂದು ಸಲಕ್ಕೆ 30 ಜ್ಯೋತಿರ್ವರ್ಷ ಹಾರುತ್ತದೆ, ಅಂದರೆ 45 ಹಾರಾಟ. ಎರಡು ರಾತ್ರಿ ಹಿಡಿಯಿತು, ಮಧ್ಯೆ ನಾಲ್ಕು ಸಲ ಕರೆಂಟು ಹೋಗಿದ್ದು ಬೇರೆ. ಕೊನೆಯ ಏಳೆಂಟು ಹಾರಾಟದಲ್ಲಿ ಅದು ಕಿಟಕಿಯಲ್ಲಿ ದೊಡ್ಡದಾಗುತ್ತಾ ಬಂದಿದ್ದು ನೋಡಬೇಕಿತ್ತು ನೀವು. ಮೊದಲು ಉಗುರಿನಷ್ಟು, ಆಮೇಲೆ ಅಂಗೈಯಷ್ಟು, ಆಮೇಲೆ ಗಾಜಿನ ತುಂಬಾ.

ಸರಿ, ಒಳಗೆ ನುಗ್ಗಿದೆ. ಒಳಗೆ ಏನೂ ಇಲ್ಲ ಮಾರಾಯ್ರೆ! ಸುತ್ತಲೂ ಒಂದೇ ಬಣ್ಣದ ಮಸುಕು. ಅಂಚಿಲ್ಲ, ಆಕಾರ ಇಲ್ಲ, ಹೊರಗಿಂದ ಕಂಡ ಆ ಸುರುಳಿಗಳಿಲ್ಲ. ಕಿಟಕಿ ಗಾಜಿಗೆ ಬಣ್ಣದ ಕಾಗದ ಅಂಟಿಸಿದ ಹಾಗೆ. ನನ್ನ ಗ್ರಾಫಿಕ್ಸ್ ಸೆಟ್ಟಿಂಗ್ ತಪ್ಪಾ? ಅಥವಾ ಇದು ಇಷ್ಟೇನಾ?

ಹಂಚಿನಮನೆ · ಜೂನ್ 24, ರಾತ್ರಿ 10:05

ಇಷ್ಟೇ. ಎಲ್ಲ ಡೋಂಗಿ. ಆಟ ಬಿಡಿ, ಹಬಲ್ ದೂರದರ್ಶಕದ ಫೋಟೋಗಳಿಗೂ ಬಣ್ಣ ಕೂತು ಹಚ್ಚುತ್ತಾರಂತೆ. ಮಲಗಿ.

ಕೊಳೆರೋಗಪೈಲಟ್ · ಜೂನ್ 24, ರಾತ್ರಿ 10:20

ಸೆಟ್ಟಿಂಗ್ ಸರಿಯಾಗೇ ಇದೆ ಮಂಜು. ಎಲೈಟ್‌ನಲ್ಲಿ ನೀವು ಒಂದು ವ್ಯವಸ್ಥೆಗೆ ಬಂದು ಇಳಿದ ತಕ್ಷಣ ಅಲ್ಲಿಂದ ಕಾಣುವ ಆಕಾಶವನ್ನು ಒಂದು ಸಲ ಬರೆದುಬಿಡುತ್ತದೆ. ಆಮೇಲೆ ಆ ವ್ಯವಸ್ಥೆ ಒಳಗೆ ಎಷ್ಟು ಓಡಾಡಿದರೂ ಹಿಂದಿನ ಪರದೆ ಅದೇ. ಯಕ್ಷಗಾನದ ರಂಗದಲ್ಲಿ ಭಾಗವತರು ಕೂತಲ್ಲೇ ಕೂತ ಹಾಗೆ. ಮುಂದಿನ ಹಾರಾಟ ಹೊಡೆದಾಗ ಮಾತ್ರ ಬದಲಾಗುತ್ತದೆ.

ನನ್ನ ಸಲಹೆ: ಒಳಗೆ ಹೋಗಲೇಬೇಡಿ. ಆ ನೀಹಾರಿಕೆ ಅಡ್ಡಕ್ಕೆ ಸುಮಾರು 24 ಜ್ಯೋತಿರ್ವರ್ಷ. 60-70 ಜ್ಯೋತಿರ್ವರ್ಷ ಹಿಂದೆ ಬಂದು ಯಾವುದಾದರೂ ಕಲ್ಲುಗ್ರಹದ ಮೇಲೆ ಇಳಿಯಿರಿ. ಗುಡ್ಡದ ಅಂಚಲ್ಲಿ ಹಡಗು ನಿಲ್ಲಿಸಿ, ನೀಹಾರಿಕೆ ಗುಡ್ಡದ ಹಿಂದಿಂದ ಏಳುವ ತನಕ ಕಾಯಿರಿ. ಅದೇ ನೋಡುವ ಜಾಗ.

ಮತ್ತೆ ಇಳಿಯುವ ಮೊದಲು ಆ ಗ್ರಹದ ಗುರುತ್ವ ಎಷ್ಟು ಅಂತ ನೋಡಿ! ನಾನು ನೋಡಲಿಲ್ಲ ಒಂದು ಸಲ. ನಮ್ಮ ಭೂಮಿಯ ಎರಡರಷ್ಟು ಇತ್ತು. ಹಡಗು ಚೂರು. ಹಡಗು ಹೋದರೆ ಮಾರದೆ ಇಟ್ಟುಕೊಂಡ ಸಮೀಕ್ಷೆ ಮಾಹಿತಿ ಎಲ್ಲಾ ಹೋಗುತ್ತದೆ. ಆರು ವಾರದ ಕೆಲಸ. ಮನೆಯವಳಿಗೆ ಹೇಳಿದರೆ ನಕ್ಕಳು.

ತುಂಗಾತೀರ · ಜೂನ್ 24, ರಾತ್ರಿ 10:41

ಕೊಡಚಾದ್ರಿ ಎತ್ತರ 1,343 ಮೀಟರ್. ಓರಿಯನ್ 1,344 ಜ್ಯೋತಿರ್ವರ್ಷ. ಒಂದು ಹೆಜ್ಜೆ ಜಾಸ್ತಿ ಅಷ್ಟೇ ಮಂಜು, ಜೀಪಲ್ಲಿ ಹೋಗಬಹುದಿತ್ತು.

ದೂರ್ಬೀನು · ಜೂನ್ 25, ಬೆಳಿಗ್ಗೆ 6:15

ಸಾಗರದಿಂದ. ನಿನ್ನೆ ರಾತ್ರಿ ನೆಟ್ ಇರಲಿಲ್ಲ, ಈಗ ನೋಡಿದೆ.

ಮಂಜು, ನೀವು ಕೇಳಿದ್ದು ಆಟದ ಪ್ರಶ್ನೆ ಅಂತ ನಿಮಗೆ ಅನ್ನಿಸಿದೆ, ಅಲ್ಲ. ನಿಜವಾದ ಓರಿಯನ್ ಒಳಗೆ ಹೋದರೂ ಹೀಗೇ ಆಗುತ್ತದೆ. ಇನ್ನೂ ಕಡೆ. ಆಟದಲ್ಲಿ ಬಣ್ಣದ ಮಸುಕಾದರೂ ಇದೆ. ನಿಜದಲ್ಲಿ ನಿಮ್ಮ ಕಣ್ಣಿಗೆ ಹೆಚ್ಚು ಕಡಿಮೆ ಬೂದಿ ಬಣ್ಣ ಕಾಣುತ್ತಿತ್ತು, ಅದೂ ದೀಪ ಎಲ್ಲ ಆರಿಸಿ ಅರ್ಧ ಗಂಟೆ ಕಾದರೆ.

ಯಾಕೆ ಅಂತ ಹೇಳುತ್ತೇನೆ. ನಿಮ್ಮ ಮನೆ ಸುಣ್ಣ ಬಳಿದ ಗೋಡೆಯನ್ನು ಗದ್ದೆ ಆಚೆಯಿಂದ ನೋಡಿ. ಈಗ ನಡೆಯುತ್ತಾ ಹತ್ತಿರ ಬನ್ನಿ. ಗೋಡೆ ದೊಡ್ಡದಾಗುತ್ತದೆ. ಬೆಳ್ಳಗಾಗುತ್ತದಾ? ಇಲ್ಲ. ಹತ್ತಿರ ಬಂದಷ್ಟೂ ಒಟ್ಟು ಬೆಳಕು ಜಾಸ್ತಿ ಬರುತ್ತದೆ, ಆದರೆ ಅದು ಅಷ್ಟೇ ದೊಡ್ಡ ಜಾಗಕ್ಕೆ ಹರಡಿರುತ್ತದೆ. ಒಂದೊಂದು ಚೂರಿನ ಹೊಳಪು ಅಷ್ಟೇ ಉಳಿಯುತ್ತದೆ. ನೀಹಾರಿಕೆಗೂ ಅದೇ ಲೆಕ್ಕ. ನಮ್ಮ ಅಂಗಳದಿಂದ ಬರಿಗಣ್ಣಿಗೆ ಅದು ಎಷ್ಟು ಮಂಕೋ, 20 ಜ್ಯೋತಿರ್ವರ್ಷ ಹತ್ತಿರಕ್ಕೆ ಹೋದರೂ ಅದರ ಒಂದು ಚೂರು ಅಷ್ಟೇ ಮಂಕು. ಬರೀ ಆಕಾಶ ತುಂಬುತ್ತದೆ.

ಇನ್ನು ಕಣ್ಣಿನ ವಿಷಯ. ಮಬ್ಬು ಬೆಳಕಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ. ಬೆಳದಿಂಗಳಲ್ಲಿ ದಾಸವಾಳ ಕಪ್ಪಗೆ ಕಾಣುವುದಿಲ್ವಾ, ಅದೇ. ನನ್ನ ಹತ್ತಿರ 8 ಇಂಚಿನ ದೂರದರ್ಶಕ ಇದೆ. ಓರಿಯನ್ ನೀಹಾರಿಕೆಯ ನಡುವಿನ ಭಾಗ ತುಂಬಾ ಹೊಳಪು, ಹಾಗಾಗಿ ಅಲ್ಲಿ ಮಾತ್ರ ಒಂದು ಚೂರು ಹಸಿರು ಛಾಯೆ ಸಿಗುತ್ತದೆ. ಉಳಿದದ್ದೆಲ್ಲ ಬೂದಿ. ಕೆಂಪು ನಾನು ಒಂದು ಸಲವೂ ನೋಡಿಲ್ಲ. ಮೊದಲ ಸಲ ನೋಡಿದ ಮಕ್ಕಳೆಲ್ಲ "ಇಷ್ಟೇನಾ ಮೇಡಂ?" ಅಂತಲೇ ಕೇಳುತ್ತಾರೆ.

ಎಲೈಟ್ ಹಡಗಿನ ಒಳಗೆ ಆ ಕಿತ್ತಳೆ ಬಣ್ಣದ ಸೂಚಿಗಳು ಉರಿಯುತ್ತಿರುತ್ತವಲ್ಲ, ನಿಜದಲ್ಲಿ ಅದರ ಮುಂದೆ ನೀಹಾರಿಕೆ ಕಾಣುವುದೇ ಕಷ್ಟ!

ಹಂಚಿನಮನೆ · ಜೂನ್ 25, ಬೆಳಿಗ್ಗೆ 7:02

ನಾನು ಹೇಳಿದ್ದೂ ಅದೇ ಅಲ್ವಾ ಅಕ್ಕ. ಡೋಂಗಿ.

ದೂರ್ಬೀನು · ಜೂನ್ 25, ಮಧ್ಯಾಹ್ನ 1:30

ಅಲ್ಲ ಅಲ್ಲ. ಕಣ್ಣಿಗೆ ಕಾಣದೇ ಇರುವುದು ಬೇರೆ, ಇಲ್ಲದೇ ಇರುವುದು ಬೇರೆ. ಬಣ್ಣ ಅಲ್ಲಿ ಇದೆ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಸಿ ತೋರಿಸುತ್ತದೆ, ಕಣ್ಣಿಗೆ ಆ ತಾಳ್ಮೆ ಇಲ್ಲ.

ಕೆಂಪು ಬರುವುದು ಜಲಜನಕದಿಂದ, 656.3 ನ್ಯಾನೋಮೀಟರ್. ಆ ಹಸಿರು ಛಾಯೆ ಆಮ್ಲಜನಕದ್ದು, 500.7. ಇದರದ್ದು ಒಂದು ಒಳ್ಳೆ ಕಥೆ ಇದೆ. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಅನ್ನುವವರು ನೀಹಾರಿಕೆಯ ಬೆಳಕನ್ನು ಒಡೆದು ನೋಡಿದಾಗ ಈ ಹಸಿರು ಗೆರೆ ಸಿಕ್ಕಿತು. ಭೂಮಿಯ ಮೇಲೆ ಗೊತ್ತಿದ್ದ ಯಾವ ವಸ್ತುವಿಗೂ ಅದು ಹೊಂದಲಿಲ್ಲ. ಹಾಗಾಗಿ ಹೊಸ ಮೂಲವಸ್ತುವೇ ಇರಬೇಕು ಅಂದುಕೊಂಡು ಆಮೇಲೆ ಅದಕ್ಕೆ ನೆಬುಲಿಯಂ ಅಂತ ಹೆಸರೂ ಇಟ್ಟರು. 1927ರಲ್ಲಿ ಐರಾ ಬೋವೆನ್ ಬಂದು, ಅದು ನಮ್ಮ ಆಮ್ಲಜನಕವೇ, ಎರಡು ಎಲೆಕ್ಟ್ರಾನ್ ಕಳೆದುಕೊಂಡದ್ದು ಅಂತ ತೋರಿಸಿದರು. ಆ ಪರಮಾಣು ಈ ಬೆಳಕು ಬಿಡಲು ಸುಮಾರು ಹೊತ್ತು ಒಂಟಿಯಾಗಿ ಇರಬೇಕು. ನಮ್ಮ ಗಾಳಿಯಲ್ಲಿ ಅಷ್ಟರೊಳಗೆ ಯಾರಾದರೂ ಬಂದು ಡಿಕ್ಕಿ ಹೊಡೆಯುತ್ತಾರೆ. ಅಲ್ಲಿ ಅಷ್ಟು ವಿರಳ.

ಹಬಲ್ ವಿಷಯಕ್ಕೆ: 1995ರ ಆ ಹೆಸರಾದ ಕಂಬಗಳ ಚಿತ್ರ ಇದೆಯಲ್ಲ, ಗರುಡ ನೀಹಾರಿಕೆಯದ್ದು. ಅದರಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ನಿಜದಲ್ಲಿ ಗಂಧಕವೂ ಕೆಂಪು, ಜಲಜನಕವೂ ಕೆಂಪು. ಎರಡೂ ಕೆಂಪೇ ಇಟ್ಟರೆ ಯಾವುದು ಎಲ್ಲಿದೆ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಮಾಡಿದರು. ಪಹಣಿ ನಕ್ಷೆಯಲ್ಲಿ ತರಿ, ಖುಷ್ಕಿಗೆ ಬೇರೆ ಬೇರೆ ಬಣ್ಣ ಹಾಕಿದರೆ ಜಮೀನೇ ಸುಳ್ಳು ಅನ್ನುತ್ತೀರಾ?

ಹಂಚಿನಮನೆ · ಜೂನ್ 25, ಮಧ್ಯಾಹ್ನ 1:44

ಜಮೀನಿನ ಉದಾಹರಣೆ ಕೊಡಬೇಡಿ ಅಕ್ಕ, ನಮ್ಮದು ಕೋರ್ಟಲ್ಲಿದೆ.

ಆಗುಂಬೆಮಂಜು · ಜೂನ್ 25, ರಾತ್ರಿ 8:50

ಅಕ್ಕ ಹೇಳಿದ್ದು ಓದಿ ನಮ್ಮ ಕುಂದಾದ್ರಿ ನೆನಪಾಯಿತು. ಡಿಸೆಂಬರ್ ಬೆಳಿಗ್ಗೆ ಮೇಲೆ ನಿಂತರೆ ಕೆಳಗೆ ಮಂಜು ಹತ್ತಿ ಹಾಸಿದ ಹಾಗೆ. ಅಂಚು, ಅಲೆ, ಎಲ್ಲ ಇರುತ್ತದೆ. ಅಲ್ಲಿಂದ ಇಳಿದು ಆಗುಂಬೆ ಘಾಟಿಯ 14 ತಿರುವಿನಲ್ಲಿ ಅದೇ ತರದ ಮಂಜಿನ ಒಳಗೆ ಸಿಕ್ಕರೆ ಬರೀ ಬಿಳಿ. ಮುಂದಿನ ಬಸ್ಸಿನ ಹಿಂದಿನ ದೀಪ ಕಂಡರೆ ಪುಣ್ಯ. ಅಂದರೆ ಒಳಗೆ ಹೋದವನಿಗೆ ಮಂಜು ಕಾಣುವುದಿಲ್ಲ. ಅಲ್ವಾ?

ಕೊಳೆರೋಗಪೈಲಟ್ · ಜೂನ್ 25, ರಾತ್ರಿ 9:10

ಮಂಜುಗೆ ಮಂಜಿನ ಹೋಲಿಕೆ. ಚೆನ್ನಾಗಿದೆ.

ಅರ್ಧ ಸರಿ ಅನ್ನುತ್ತೇನೆ. ಘಾಟಿಯ ಮಂಜು ದಾರಿ ಮುಚ್ಚುತ್ತದೆ. ನೀಹಾರಿಕೆ ಮುಚ್ಚುವುದಿಲ್ಲ, ಅದು ತಾನೇ ಹೊಳೆಯುತ್ತದೆ. ಓರಿಯನ್‌ನಂಥ ದಟ್ಟ ನೀಹಾರಿಕೆಯಲ್ಲೂ ಒಂದು ಸಕ್ಕರೆ ಕಾಳಿನಷ್ಟು ಜಾಗದಲ್ಲಿ, ಅಂದರೆ ಒಂದು ಘನ ಮಿಲಿಮೀಟರ್‌ನಲ್ಲಿ, ನಾಲ್ಕಾರು ಪರಮಾಣು ಸಿಕ್ಕರೆ ಹೆಚ್ಚು. ಮೂಗಿನ ಮುಂದಿನ ಗಾಳಿಯಲ್ಲಿ ಅಷ್ಟೇ ಜಾಗಕ್ಕೆ ಕೋಟಿ ಕೋಟಿ ಅಣು, 25 ಬರೆದು ಮುಂದೆ 15 ಸೊನ್ನೆ. ನಾವು ಅದನ್ನು ಖಾಲಿ ಗಾಳಿ ಅನ್ನುತ್ತೇವೆ.

ಮಳೆ ಹಿಡಿಯುವ ಮೊದಲು ಮಿಂಚುಹುಳ ಕೂತ ಮರ ನೋಡಿದ್ದೀರಲ್ಲ. ಗದ್ದೆ ಆಚೆಯಿಂದ ನೋಡಿದರೆ ಇಡೀ ಮರ ಒಂದೇ ಹಸಿರು ಬೆಳಕು, ಉಸಿರಾಡಿದ ಹಾಗೆ. ಮರದ ಬುಡಕ್ಕೆ ಹೋಗಿ ನಿಲ್ಲಿ. ಇಲ್ಲೊಂದು ಹುಳ, ಅಲ್ಲೊಂದು ಹುಳ, ಮಧ್ಯೆ ಕತ್ತಲೆ. ಮರ ಹೊಳೆಯುವುದು ಆಚೆ ದಡದಲ್ಲಿ ನಿಂತವನಿಗೆ ಮಾತ್ರ.

ತುಂಗಾತೀರ · ಜೂನ್ 25, ರಾತ್ರಿ 9:15

ಇದು ಚೆನ್ನಾಗಿ ಹೇಳಿದಿರಿ.

ಹಾಸನದಿಂದಬಂದವ · ಜೂನ್ 26, ಸಂಜೆ 5:20

ಒಂದು ಕಡೆಯಿಂದ ಓದುತ್ತಾ ಬಂದೆ. ನನಗೂ ಆಡಬೇಕು ಅನ್ನಿಸಿತು. ಹೊಸನಗರದಲ್ಲಿ ಕೆಲಸ, ಬಾಡಿಗೆ ಮನೆ. ಮಳೆಗಾಲದಲ್ಲಿ ನೆಟ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಎಲೈಟ್ ನಡೆಯುತ್ತದಾ?

ಕೊಳೆರೋಗಪೈಲಟ್ · ಜೂನ್ 26, ಸಂಜೆ 6:00

ನಡೆಯುವುದಿಲ್ಲ. ಒಬ್ಬನೇ ಆಡುವ ಸೋಲೋ ಮೋಡಿಗೂ ನೆಟ್ ಬೇಕೇ ಬೇಕು. ನಿಮಗೆ ಸ್ಪೇಸ್ ಎಂಜಿನ್ ಸರಿ. ರಷ್ಯಾದ ವ್ಲಾದಿಮಿರ್ ರೊಮಾನ್ಯುಕ್ ಅನ್ನುವವರು ಶುರು ಮಾಡಿದ್ದು, 2019ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಗೆ ಬಂತು. ಒಂದು ಸಲ ಇಳಿಸಿಕೊಂಡರೆ ನೆಟ್ ಇಲ್ಲದೆ ನಡೆಯುತ್ತದೆ. ಆದರೆ ಇದು ಆಟ ಅನ್ನುವುದಕ್ಕಿಂತ ತಿರುಗಾಟ. ದುಡ್ಡಿಲ್ಲ, ಇಂಧನ ಇಲ್ಲ, ಸೋಲಿಲ್ಲ. ಕೆಲವರಿಗೆ ಎರಡೇ ದಿನಕ್ಕೆ ಬೇಜಾರು ಬರುತ್ತದೆ.

ಅದರಲ್ಲಿ ನೀಹಾರಿಕೆಗಳು ಮೂರು ಆಯಾಮದವು. ಒಳಗೆ ಚಲಿಸುತ್ತಾ ಹೋಗಬಹುದು, ಪರದೆಯ ಕಾಟ ಇಲ್ಲ. ಕುದುರೆತಲೆ ನೀಹಾರಿಕೆಗೆ ಹೋಗಿ ಸುತ್ತು ಹಾಕಿ ನೋಡಿ. ಹಿಂದೆ ಹೊಳೆಯುವ ಕೆಂಪು ಅನಿಲ, ಮುಂದೆ ಅಡ್ಡ ನಿಂತ ಧೂಳು, ಅದರ ನೆರಳೇ ಕುದುರೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೆ ಕುದುರೆ ಮಾಯ. ನಿಟ್ಟೂರಿಂದ ಕಂಡ ಕೊಡಚಾದ್ರಿ ಕೊಲ್ಲೂರಿಂದ ಬೇರೆ ಗುಡ್ಡದ ಹಾಗೆ ಕಾಣುವುದಿಲ್ವಾ.

ಅಕ್ಕ ಹೇಳಿದ್ದನ್ನು ಪರೀಕ್ಷೆ ಮಾಡಬೇಕಾದರೂ ಇದೇ ಆಗಬೇಕು. ಎಕ್ಸ್‌ಪೋಷರ್ ಅಂತ ಒಂದು ಹಿಡಿ ಇದೆ. ಜಾಸ್ತಿ ಮಾಡಿದರೆ ಕ್ಯಾಮೆರಾ ಕಣ್ಣು, ಇಳಿಸುತ್ತಾ ಬಂದರೆ ನಮ್ಮ ಬಡ ಕಣ್ಣು.

ಹಾಸನದಿಂದಬಂದವ · ಜೂನ್ 26, ಸಂಜೆ 6:12

ಧನ್ಯವಾದ ಸರ್. ಇಳಿಸಿಕೊಳ್ಳಲು ಶಿವಮೊಗ್ಗಕ್ಕೆ ಹೋದಾಗ ಸ್ನೇಹಿತನ ರೂಮಲ್ಲಿ ಹಚ್ಚುತ್ತೇನೆ.

ಆಗುಂಬೆಮಂಜು · ಜೂನ್ 28, ರಾತ್ರಿ 11:30

ಕೆಟ್ಟ ಸುದ್ದಿ. ಪೈಲಟ್ ಅಣ್ಣ ಹೇಳಿದ ಹಾಗೆ ಹಿಂದೆ ಬಂದು ಗ್ರಹ ಹುಡುಕುತ್ತಿದ್ದೆ. ಎದುರಿಗೆ ಬಂದ ನಕ್ಷತ್ರದಲ್ಲಿ ಇಂಧನ ತುಂಬಿಕೊಳ್ಳಲು ಆಗುತ್ತಿಲ್ಲ. ಸತತ ಮೂರು. ಎಲ್ಲಾ ಟಿ ಟೌರಿ ಅಂತ ತೋರಿಸುತ್ತಿದೆ. ಟ್ಯಾಂಕಿನಲ್ಲಿ ಒಂದು ಹಾರಾಟಕ್ಕೆ ಆಗುವಷ್ಟಿದೆ. ಏನು ಮಾಡಲಿ?

ಕೊಳೆರೋಗಪೈಲಟ್ · ಜೂನ್ 28, ರಾತ್ರಿ 11:34

ಹಾರಬೇಡಿ!!! ಕೈ ಬಿಡಿ.

ಟಿ ಟೌರಿ ಅಂದರೆ ಇನ್ನೂ ಎಳೆ ನಕ್ಷತ್ರ. ಅದರಿಂದ ಇಂಧನ ಸಿಗುವುದಿಲ್ಲ. ಕಂದು ಕುಬ್ಜಗಳಿಂದಲೂ ಇಲ್ಲ. ಸಿಗುವುದು ಓ, ಬಿ, ಎ, ಎಫ್, ಜಿ, ಕೆ, ಎಂ ಈ ಏಳೇ ವರ್ಗಗಳಿಂದ. ಗ್ಯಾಲಕ್ಸಿ ಮ್ಯಾಪ್ ತೆಗೆದು ನಕ್ಷತ್ರದ ವರ್ಗದ ಫಿಲ್ಟರ್ ಹಾಕಿ, ಈ ಏಳು ಬಿಟ್ಟು ಉಳಿದದ್ದಕ್ಕೆ ಟಿಕ್ ತೆಗೆಯಿರಿ. ಒಂದು ಹಾರಾಟದೊಳಗೆ ಯಾವುದಾದರೂ ಸಿಕ್ಕರೆ ಬಚಾವ್.

ಸಿಗದಿದ್ದರೆ ಆಟದಿಂದ ಹೊರಗೆ ಬಂದುಬಿಡಿ. ಇಂಧನ ಪೂರ್ತಿ ಮುಗಿದು, ಹಡಗಿನಲ್ಲಿ ಉಸಿರಾಡಲು ಉಳಿದ ಆಮ್ಲಜನಕದ ಗಡಿಯಾರ ಶುರುವಾಗುವ ತನಕ ಕಾಯಬೇಡಿ. ಫ್ಯುಯೆಲ್ ರ‍್ಯಾಟ್ಸ್ ಅಂತ ಆಟಗಾರರದ್ದೇ ಒಂದು ತಂಡ ಇದೆ, ಎಲ್ಲಿದ್ದರೂ ಬಂದು ಇಂಧನ ಕೊಟ್ಟು ಹೋಗುತ್ತಾರೆ. ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ.

ಹೋದ ವರ್ಷ ನನಗೂ ಹೀಗೇ ಆಗಿತ್ತು. ಅವರನ್ನು ಕರೆದೆ. ಯಾವ ದೇಶದ ಪುಣ್ಯಾತ್ಮನೋ, ಮುಕ್ಕಾಲು ಗಂಟೆ ಹಾರಿ ಬಂದ. ಇನ್ನೇನು ಅವನ ಹಡಗಿನ ದೀಪ ಕಾಣಬೇಕು, ನಮ್ಮ ಕೆಳಗಿನ ಮನೆ ಹಲಸಿನ ಮರ ಲೈನಿನ ಮೇಲೆ ಬಿತ್ತು. ಎರಡು ದಿನ ಕರೆಂಟಿಲ್ಲ. ಅವನು ಅಲ್ಲಿ ನನ್ನನ್ನು ಎಷ್ಟು ಹೊತ್ತು ಹುಡುಕಿದನೋ. ಮೂರನೇ ದಿನ ಕ್ಷಮೆ ಕೇಳಿ ಮತ್ತೆ ಕರೆದಾಗ ಬೇರೆಯವರು ಬಂದರು. ಮರ ಬಿದ್ದದ್ದು ಹೇಳಿದರೆ ನಂಬಿದರೋ ಇಲ್ಲವೋ.

ಆಗುಂಬೆಮಂಜು · ಜೂನ್ 28, ರಾತ್ರಿ 11:58

ಕೆ ವರ್ಗದ್ದು ಒಂದು ಸಿಕ್ಕಿತು! 22 ಜ್ಯೋತಿರ್ವರ್ಷ. ಈಗ ಅದರ ಅಂಚಲ್ಲಿ ಹಡಗು ನಿಲ್ಲಿಸಿ ತುಂಬಿಸುತ್ತಿದ್ದೇನೆ. ಕೈ ಇನ್ನೂ ನಡುಗುತ್ತಿದೆ. ಥ್ಯಾಂಕ್ಸ್ ಅಣ್ಣ.

ಹಂಚಿನಮನೆ · ಜೂನ್ 29, ಬೆಳಿಗ್ಗೆ 8:00

ಡೋಂಗಿ ಅಂದವನೇ ರಾತ್ರಿ ಹನ್ನೆರಡರ ತನಕ ಕೂತು ಓದಿದೆ. ಅಕ್ಕ, ಒಂದು ಕೇಳಬೇಕು. ಕೆಲವು ನೀಹಾರಿಕೆ ಬರೀ ನೀಲಿ ಇರುತ್ತವಲ್ಲ, ಅದಕ್ಕೆ ಯಾವ ಅನಿಲ?

ದೂರ್ಬೀನು · ಜೂನ್ 29, ಸಂಜೆ 7:45

ಅವು ಹೊಳೆಯುವುದೇ ಇಲ್ಲ. ಪಕ್ಕದ ನಕ್ಷತ್ರದ ಬೆಳಕನ್ನು ಧೂಳು ಚೆದುರಿಸುತ್ತದೆ, ಅಷ್ಟೇ. ಸಣ್ಣ ಕಣ ನೀಲಿಯನ್ನೇ ಜಾಸ್ತಿ ಚೆದುರಿಸುತ್ತದೆ. ನಿಮ್ಮ ಹೆಸರೇ ಹಂಚಿನಮನೆ. ಬೆಳಿಗ್ಗೆ ಬಚ್ಚಲು ಒಲೆಗೆ ಬೆಂಕಿ ಹಾಕಿದಾಗ ಹಂಚಿನ ಸಂದಿಯಿಂದ ಹೊಗೆ ಏಳುತ್ತದಲ್ಲ, ಹಿಂದೆ ಕಪ್ಪು ಮರ ಇದ್ದರೆ ಅದು ನೀಲಿ. ಅದೇ ಹೊಗೆ ಮೇಲೇರಿ ಬೆಳ್ಳನೆ ಆಕಾಶದ ಎದುರಿಗೆ ಬಂದರೆ ಕಂದು. ನಾಳೆ ನೋಡಿ, ಮಳೆ ಒಂದು ಗಳಿಗೆ ಬಿಟ್ಟರೆ.

ಆಮ್ಲಜನಕದ ಬಣ್ಣ ಬೇರೆ, ಹಸಿರು ಬೆರೆತ ನೀಲಿ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ ಔಷಧಿಗೆ ಮೈಲುತುತ್ತ, ಸುಣ್ಣ ಕಲಸಿದ ಡ್ರಮ್ಮಿಗೆ ಇಣುಕಿದರೆ ಕಾಣುವ ಬಣ್ಣ.

ಹಂಚಿನಮನೆ · ಜುಲೈ 1, ಬೆಳಿಗ್ಗೆ 7:20

ನೋಡಿದೆ. ನೀಲಿ. ಐವತ್ತು ವರ್ಷದಿಂದ ಆ ಹೊಗೆ ನೋಡುತ್ತಿದ್ದೇನೆ.

ಆಗುಂಬೆಮಂಜು · ಜುಲೈ 5, ರಾತ್ರಿ 10:15

ಇವತ್ತು ಆರಿದ್ರಾ ಮುಗಿಯುತ್ತದೆ, ನಾಳೆಯಿಂದ ಪುನರ್ವಸು ಅಂತೆ. ಮಳೆಗೆ ಅದೇನೂ ಗೊತ್ತಿದ್ದ ಹಾಗಿಲ್ಲ.

ಸ್ಪೇಸ್ ಎಂಜಿನ್ ಹಾಕಿಸಿಕೊಂಡೆ. ಸಂಜೆ ಏಳಕ್ಕೆ ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಒಂದೂವರೆ ಗಂಟೆ ಬ್ಯಾಟರಿ ಇತ್ತು. ಮನೆಯೆಲ್ಲ ಕತ್ತಲೆ. ಇದೇ ಸರಿಯಾದ ಸಮಯ ಅಂತ ಓರಿಯನ್ ಎದುರಿಗೆ ನಿಂತು ಆ ಎಕ್ಸ್‌ಪೋಷರ್ ಹಿಡಿಯನ್ನು ಇಳಿಸುತ್ತಾ ಬಂದೆ. ಮೊದಲು ಹೊರಗಿನ ಕೆಂಪು ಪದರ ಹೋಯಿತು. ಆಮೇಲೆ ಅಂಚಿನ ಸುರುಳಿಗಳು ಒಂದೊಂದಾಗಿ. ಕೊನೆಗೆ ನಡುವೆ ಒಂದು ಮಬ್ಬು ಉಳಿಯಿತು, ಅದರೊಳಗೆ ನಾಲ್ಕು ನಕ್ಷತ್ರ. ಬೂದಿಯಲ್ಲಿ ಕೆಂಡ ಮುಚ್ಚಿಟ್ಟ ಹಾಗೆ. ಅಕ್ಕನ ದೂರದರ್ಶಕದಲ್ಲಿ ಮಕ್ಕಳು ನೋಡುವುದು ಇದನ್ನೇ ಇರಬೇಕು. ನನಗೆ ಇಷ್ಟೇನಾ ಅನ್ನಿಸಲಿಲ್ಲ. ಬಣ್ಣ ಇದ್ದಾಗಲೇ ಸ್ವಲ್ಪ ಅಂಗಡಿ ಬೋರ್ಡಿನ ಹಾಗಿತ್ತು ಅನ್ನಿಸಿತು ಈಗ.

ಅಷ್ಟು ಹೊತ್ತಿಗೆ ಅಜ್ಜಿ ಲಾಟೀನು ಹಿಡಿದು ಬಂದರು. "ಏನೋ ಅದು?"

"ಆರಿದ್ರಾ ನಕ್ಷತ್ರ ಇದೆಯಲ್ಲ ಅಜ್ಜಿ, ಅದೇ ಮಹಾವ್ಯಾಧನ ಸೊಂಟದ ಕೆಳಗೆ ಇರೋ ಮೋಡ."

ಸ್ವಲ್ಪ ಹೊತ್ತು ಬಗ್ಗಿ ನೋಡಿದರು. "ಮೋಡ ಅಂತೀಯ. ಅಲ್ಲಿ ಮಳೆ ಬರುತ್ತೇನೋ?"

ಏನು ಹೇಳಬೇಕೋ ಗೊತ್ತಾಗಲಿಲ್ಲ. ಅಕ್ಕ, ಬರುತ್ತದಾ?

ದೂರ್ಬೀನು · ಜುಲೈ 5, ರಾತ್ರಿ 10:50

ಅಜ್ಜಿ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಮಳೆ ಬರುವುದಿಲ್ಲ, ಆದರೆ ನೀರಿದೆ. ನಾವು ನೋಡುವ ಹೊಳೆಯುವ ಭಾಗದ ಹಿಂದೆ ಒಂದು ದೊಡ್ಡ ತಣ್ಣನೆ ಮೋಡ ಇದೆ. ಯುರೋಪಿನ ಐಎಸ್‌ಒ ಅನ್ನುವ ಅವಗೆಂಪು ದೂರದರ್ಶಕ ಅಲ್ಲಿ ನೀರಾವಿಯನ್ನು ಕಂಡುಹಿಡಿದಿತ್ತು, 1998ರಲ್ಲಿ ಸುದ್ದಿ ಬಂತು. ಹೊಸ ನಕ್ಷತ್ರಗಳಿಂದ ಹೊರಟ ಹೊಡೆತಕ್ಕೆ ಅಲ್ಲಿನ ಜಲಜನಕ, ಆಮ್ಲಜನಕ ಬಿಸಿಯಾಗಿ ನೀರಾಗುತ್ತಿದೆ. ಎಷ್ಟು ಅಂದರೆ, ಒಂದು ದಿನಕ್ಕೆ ಭೂಮಿಯ ಎಲ್ಲಾ ಸಮುದ್ರಗಳನ್ನು 60 ಸಲ ತುಂಬುವಷ್ಟು ಅಂತ ವಿಜ್ಞಾನಿಗಳು ಆಗ ಲೆಕ್ಕ ಹಾಕಿದ್ದರು.

ಮತ್ತೆ, ಜನವರಿ ಮಧ್ಯದಲ್ಲಿ ರಾತ್ರಿ ಹತ್ತರ ಹೊತ್ತಿಗೆ ಅದು ಹೆಚ್ಚು ಕಡಿಮೆ ನೆತ್ತಿಯ ಮೇಲೆ ಇರುತ್ತದೆ, ಸ್ವಲ್ಪ ದಕ್ಷಿಣಕ್ಕೆ. ಸಾಲಾಗಿ ಮೂರು ನಕ್ಷತ್ರ, ಅದರ ಕೆಳಗೆ ನೇತಾಡುವ ಸಣ್ಣ ಸಾಲಿನ ನಡುವಿನದ್ದು. ಅಜ್ಜಿಯನ್ನು ಕರೆದುಕೊಂಡು ಸಾಗರಕ್ಕೆ ಬನ್ನಿ.

ಆಗುಂಬೆಮಂಜು · ಜುಲೈ 6, ಬೆಳಿಗ್ಗೆ 6:40

ಹೇಳಿದೆ. ರೊಟ್ಟಿ ತಟ್ಟುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. "ದಿನಕ್ಕೆ ಅರವತ್ತು ಸಮುದ್ರವಾ? ಹಾಗಿದ್ರೆ ಅಲ್ಲೂ ಅಡಿಕೆಗೆ ಕೊಳೆ ಗ್ಯಾರಂಟಿ" ಅಂದರು.